ಬಿಟ್ಟು ಹೋಗುವವರು ಎಲ್ಲಿಗೆ ಹೋಗುತ್ತಾರೆ?

ಗಂಗಾವತಿಯಿಂದ ಕಾರಟಗಿ, ಸಿಂಧನೂರಿನ ಕಡೆ ಹೋಗುವ ರಸ್ತೆಯಲ್ಲಿ ಶ್ರೀರಾಮನಗರ ಸಿಗುತ್ತದೆ. ನಮ್ಮ ಭಾಗದ ಹಳೆಯ ಊರುಗಳಿಗಿರುವಂತೆ ಇದಕ್ಕೆ ಕೋಟೆಯಿಲ್ಲ, ಅಗಸೆಯಿಲ್ಲ. ಕಾಲುವೆ, ರೈಸ್ ಮಿಲ್ಲುಗಳು, ಕಣ್ಣು ಹಾಯುವವರೆಗೂ ಭತ್ತದ ಗದ್ದೆ. ಸುತ್ತಲಿನ ಜನ ಇಂಥ ಊರುಗಳನ್ನು ಇಂದಿಗೂ 'ಕ್ಯಾಂಪು' ಎಂದೇ ಕರೆಯುತ್ತಾರೆ. ಎಪ್ಪತ್ತು ವರ್ಷ ಕಳೆದರೂ ಬಾಯಿಯಿಂದ ಆ ಪದ ಹೋಗಿಲ್ಲ. ಬೇರೆಲ್ಲಿಂದಲೋ ಎದ್ದು ಬಂದವರು ಬೀಡುಬಿಟ್ಟ ಜಾಗ ಇದು ಎಂಬ ನೆನಪು ಆ ಒಂದು ಪದದಲ್ಲಿ ಉಳಿದುಕೊಂಡಿದೆ.

1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ನದಿಯ ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿತ್ತು. ಎಡದಂಡೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ್ದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. 1953ರ ಹೊತ್ತಿಗೆ ಅಣೆಕಟ್ಟು ನಿಂತಿತು, ಕಾಲುವೆಗೆ ನೀರು ಬಂತು. ಜೋಳ, ಸಜ್ಜೆ ಬೆಳೆದು ಅಭ್ಯಾಸವಿದ್ದ ಇಲ್ಲಿಯ ರೈತರಿಗೆ ಆ ನೀರನ್ನು ಏನು ಮಾಡಬೇಕೆಂದು ತಕ್ಷಣ ತೋಚಲಿಲ್ಲ. ತೋಚಿದವರು ಆಂಧ್ರದ ಕೃಷ್ಣಾ, ಗೋದಾವರಿ ಸೀಮೆಯ ಭತ್ತದ ರೈತರು. ಅಲ್ಲಿಯ ತುಂಡು ಭೂಮಿ ಮಾರಿ, ಇಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಹೆಚ್ಚು ಭೂಮಿ ಕೊಂಡು ಗುಂಪುಗುಂಪಾಗಿ ಬಂದು ನೆಲೆಸಿದರು. ಭೂಮಿ ಮಾರಿದ ಇಲ್ಲಿನ ಕೆಲವರು ತಮ್ಮದಾಗಿದ್ದ ಹೊಲಕ್ಕೇ ಕೂಲಿಗೆ ಹೋಗಬೇಕಾದದ್ದೂ ಈ ಚರಿತ್ರೆಯ ಭಾಗವೇ. ಅದನ್ನು ಮರೆಯಬಾರದು.

ಕ್ಯಾಂಪಿನ ಹಿರಿಯ ರೈತರೊಬ್ಬರು ನನಗೆ ಆತ್ಮೀಯರಾಗಿದ್ದರು. ಅವರನ್ನು ನಾನು ತೆಲುಗಿನವರಂತೆ 'ಬಾಬಾಯ್' ಎಂದು ಕರೆಯುತ್ತಿದ್ದೆ, ಅಂದರೆ ಚಿಕ್ಕಪ್ಪ. ಅವರು ನನ್ನನ್ನು 'ಮಾಸ್ತರ್' ಎನ್ನುತ್ತಿದ್ದರು. ಊರು ಬಿಟ್ಟು ಬರುವಾಗ ದುಃಖವಾಗಲಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಒಬ್ಬನೇ ಬಂದಿದ್ರೆ ಸಾಯ್ತಿದ್ದೆ ಮಾಸ್ತರ್. ಬೀಗರು, ಎತ್ತು, ಬೀಜ, ಅಡಿಗಿ ಪಾತ್ರೆ ಎಲ್ಲ ಜತಿಗೆ ಬಂದ್ವಲ್ಲ. ಊರೇ ಎದ್ದು ಬಂದಂಗಿತ್ತು" ಎಂದರು. ಆಗ ಆ ಮಾತಿನ ತೂಕ ನನಗೆ ತಿಳಿಯಲಿಲ್ಲ. ಬಹಳ ವರ್ಷಗಳ ನಂತರ, ಮೊಬೈಲ್ ಫೋನಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಾಗ ಅದು ನೆನಪಾಯಿತು.

2020ರ ಏಪ್ರಿಲ್. ಲಾಕ್‌ಡೌನ್ ಇತ್ತು. ದೆಹಲಿಯ ನಿಜಾಮುದ್ದೀನಿನ ತಬ್ಲೀಗ್ ಸಭೆಯ ಸುದ್ದಿ ಟಿವಿ ತುಂಬ ಹಬ್ಬಿತ್ತು. ನಮ್ಮ ಕ್ಯಾಂಪಿನ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಮುಸ್ಲಿಮರಿಂದ ತರಕಾರಿ, ಹಣ್ಣು ಕೊಳ್ಳಬೇಡಿ, ಉಗುಳು ಹಚ್ಚಿ ಮಾರುತ್ತಾರೆ ಎಂದು. ಕಳಿಸಿದವರು ಪರಕೀಯರಲ್ಲ. ನಾನು ಅವರ ಮಗನಿಗೆ ಪಾಠ ಹೇಳಿದ್ದೆ. ರಂಜಾನಿನಲ್ಲಿ ನಮ್ಮ ಮನೆಯ ಸುರ್‌ಕುರ್ಮಾ ಕುಡಿದವರು. ಆ ಗುಂಪಿನಲ್ಲಿ ನಾನಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತೋ, ಮರೆತಿತ್ತೋ ತಿಳಿಯದು. ಮರೆತಿದ್ದರು ಎಂದುಕೊಳ್ಳುವುದೇ ನನಗೆ ಹೆಚ್ಚು ನೋವಿನ ಸಂಗತಿಯಾಗಿತ್ತು. ಅಂದು ರಾತ್ರಿ ಗುಂಪನ್ನಷ್ಟೇ ಅಲ್ಲ, ಇಡೀ ಜಾಲತಾಣಗಳ ಲೋಕವನ್ನೇ ಬಿಡಬೇಕೆಂದು ಮನಸ್ಸು ಹೇಳಿತು. ಬಿಡುವ ಗುಂಡಿ ಎಲ್ಲಿದೆ ಎಂದು ಹುಡುಕಿದೆ. ಒತ್ತಲಿಲ್ಲ. ಕತೆಗಾರನ ಕೆಟ್ಟ ಚಾಳಿಯಂತೆ, ನನಗಿಂತ ಮೊದಲು ಬಿಟ್ಟವರ ಕತೆ ಏನಾಯಿತು ಎಂದು ಯೋಚಿಸತೊಡಗಿದೆ.

ಮೊದಲು ನೆನಪಾದದ್ದು ಆರ್ಕುಟ್. ಇಂದಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ. ನಾನು ಆಗ ಇಪ್ಪತ್ತರ ಹರೆಯದವನು. ಗಂಗಾವತಿಯ ಸೈಬರ್ ಕೆಫೆಗೆ ಹೋಗಿ, ಗಂಟೆಗೆ ಇಷ್ಟು ಎಂದು ಕೊಟ್ಟು, ನಿಧಾನವಾಗಿ ತೆರೆದುಕೊಳ್ಳುವ ಆ ಪುಟಕ್ಕಾಗಿ ಕಾಯುತ್ತಿದ್ದೆವು. ಗೆಳೆಯರು ಗೋಡೆಯ ಮೇಲೆ ಬರೆದಂತೆ 'ಸ್ಕ್ರ್ಯಾಪು' ಬರೆಯುತ್ತಿದ್ದರು. ಅದನ್ನು ಕಟ್ಟಿದ ಗೂಗಲ್ ಕಂಪನಿಯ ಎಂಜಿನಿಯರ್ ಆರ್ಕುಟ್ ಬುಯುಕೊಕ್ತೆನ್ ತುರ್ಕಿಯವನು, ಹುಟ್ಟಿದ್ದು ಕೊನ್ಯಾದಲ್ಲಿ. ಮೌಲಾನಾ ರೂಮಿಯ ಗೋರಿ ಇರುವ ಊರಿನವನ ಹೆಸರಲ್ಲಿ ನಾವು ಗಂಗಾವತಿಯಲ್ಲಿ ಕೂತು ಸ್ನೇಹ ಮಾಡುತ್ತಿದ್ದೆವು ಎಂಬುದು ನನಗೆ ತಿಳಿದದ್ದು ಆಮೇಲೆ.

ಆರ್ಕುಟ್ ಶುರುವಾದದ್ದು 2004ರ ಜನವರಿಯಲ್ಲಿ. ಬ್ರೆಜಿಲ್ ಮತ್ತು ಭಾರತಗಳಲ್ಲಿ ಅದು ಬೆಳೆದಷ್ಟು ಬೇರೆಲ್ಲೂ ಬೆಳೆಯಲಿಲ್ಲ. 2010ರ ಹೊತ್ತಿಗೆ ಭಾರತದಲ್ಲಿ ಫೇಸ್‌ಬುಕ್ ಅದನ್ನು ಹಿಂದಿಕ್ಕಿತು. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದರ ಬಾಗಿಲು ಮುಚ್ಚಿತು. ಸ್ವಾರಸ್ಯವೆಂದರೆ, ನಮ್ಮಲ್ಲಿ ಯಾರೂ ಆರ್ಕುಟನ್ನು ಬಿಡಬೇಕೆಂದು ತೀರ್ಮಾನಿಸಿರಲಿಲ್ಲ. ಒಬ್ಬ ಹೋದ, ಅವನ ಹಿಂದೆ ಇನ್ನೊಬ್ಬ ಹೋದ. ಒಂದು ದಿನ ನೋಡಿದರೆ ಓಣಿ ಖಾಲಿಯಾಗಿತ್ತು. ಸಂತೆ ಇನ್ನೊಂದು ಊರಿಗೆ ಬದಲಾದಾಗ ಹಳೆಯ ಸಂತೆಕಟ್ಟೆಯ ಮೇಲೆ ದನ ಮಲಗುವ ಹಾಗೆ. ಜಾಗ ಚೆನ್ನಾಗಿದೆ ಎಂದು ಯಾರೂ ಸಂತೆಗೆ ಹೋಗುವುದಿಲ್ಲ. ಜನ ಇದ್ದಾರೆ ಎಂದು ಹೋಗುತ್ತಾರೆ.

ಈ ಜಾಲತಾಣಗಳ ಶಕ್ತಿ ಇರುವುದೂ, ಅವು ನಮ್ಮನ್ನು ಹಿಡಿದಿಡುವುದೂ ಇದರಿಂದಲೇ. ಊರಲ್ಲಿ ಒಂದೇ ಫೋನಿದ್ದರೆ ಅದಕ್ಕೆ ಬೆಲೆಯಿಲ್ಲ. ಎರಡಿದ್ದರೆ ಒಂದು ಮಾತುಕತೆ, ನೂರಿದ್ದರೆ ಸಾವಿರಾರು ಮಾತುಕತೆ. ನಿಮ್ಮ ಸೋದರತ್ತೆ, ಕಿರಾಣಿ ಅಂಗಡಿಯವನು, ಶಾಲೆಯ ಹೆಡ್‌ಮಾಸ್ತರು, ಭತ್ತದ ದಲಾಲಿ ಎಲ್ಲರೂ ಒಂದೇ ಕಡೆ ಇರುವಾಗ ನೀವೊಬ್ಬರು ಎದ್ದು ಹೋದರೆ ಕಂಪನಿಗೆ ಏನೂ ನಷ್ಟವಿಲ್ಲ. ನಷ್ಟವೆಲ್ಲ ನಿಮಗೇ. ಕಂಪನಿಗೆ ಇದು ಚೆನ್ನಾಗಿ ಗೊತ್ತು.

ಹಾಗೆಂದು ಬಿಟ್ಟವರೇ ಇಲ್ಲವೆಂದಲ್ಲ. 2009ರಲ್ಲಿ ವಾಟ್ಸಾಪ್ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಬ್ರಯಾನ್ ಆಕ್ಟನ್, 2014ರಲ್ಲಿ ಅದನ್ನು ಫೇಸ್‌ಬುಕ್ಕಿಗೆ ಮಾರಿ ಅಪಾರ ಹಣ ಪಡೆದವನು. 2017ರಲ್ಲಿ ಅವನೇ ಫೇಸ್‌ಬುಕ್ ಕಂಪನಿಯಿಂದ ಹೊರಬಂದ. 2018ರ ಮಾರ್ಚಿನಲ್ಲಿ ಕೇಂಬ್ರಿಜ್ ಅನಲಿಟಿಕಾ ಹಗರಣ ಬಯಲಾಯಿತು. ಫೇಸ್‌ಬುಕ್ಕಿನ ಸುಮಾರು 8.7 ಕೋಟಿ ಜನರ ವಿವರಗಳು ರಾಜಕೀಯ ಪ್ರಚಾರದ ಕಂಪನಿಯೊಂದರ ಕೈಸೇರಿರಬಹುದು, ಅವರಲ್ಲಿ ಭಾರತದವರು 5.62 ಲಕ್ಷ ಎಂದು ಫೇಸ್‌ಬುಕ್ಕೇ ಹೇಳಿತು. ಆಗ ಆಕ್ಟನ್ ಫೇಸ್‌ಬುಕ್ ಅಳಿಸಿಹಾಕಿ ಎಂದು ಬಹಿರಂಗವಾಗಿ ಕರೆಕೊಟ್ಟ. ಮನೆ ಕಟ್ಟಿದ ಗೌಂಡಿಯೇ ಬೀದಿಗೆ ಬಂದು ಒಳಗೆ ಹೋಗಬೇಡಿ ಎಂದಂತೆ. ಅವನು ಹೇಳಿ ಸುಮ್ಮನಾಗಲಿಲ್ಲ. ಲಾಭದ ಹಂಗಿಲ್ಲದ ಸಿಗ್ನಲ್ ಎಂಬ ಇನ್ನೊಂದು ಮನೆ ನಿಲ್ಲಲು ಐದು ಕೋಟಿ ಡಾಲರ್ ಕೊಟ್ಟಿದ್ದ.

ಅದಕ್ಕೆ ಹಿಂದಿನ ವರ್ಷ ನಮ್ಮ ದೇಶದಲ್ಲೂ ಒಂದು ದೊಡ್ಡ ಮಾತು ತೀರ್ಮಾನವಾಗಿತ್ತು. ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಗೆ ತನ್ನ ಹೆಸರು ಕೊಟ್ಟವರು ಕನ್ನಡದವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರು ವರ್ಷ. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಎಂಬತ್ತು ದಾಟಿದವರು ಹೊಸ ತಲೆಮಾರಿನ ಗುಟ್ಟುಗಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದು ನೆನೆಯಬೇಕಾದ ಸಂಗತಿ.

ಇದಾದ ಮೂರೂವರೆ ವರ್ಷಕ್ಕೆ, 2021ರ ಜನವರಿಯಲ್ಲಿ, ವಾಟ್ಸಾಪ್ ಹೊಸ ಕರಾರು ಮುಂದಿಟ್ಟಿತು. ವಿವರಗಳನ್ನು ಫೇಸ್‌ಬುಕ್ಕಿನೊಂದಿಗೆ ಹಂಚಿಕೊಳ್ಳುವ ಈ ಕರಾರಿಗೆ ಫೆಬ್ರವರಿ 8ರೊಳಗೆ ಒಪ್ಪಿ, ಇಲ್ಲವೇ ಹೊರಡಿ ಎಂಬ ಧಾಟಿಯಲ್ಲಿ ಅದು ಇತ್ತು. ಜನ ಸಿಟ್ಟಾಗಿ ಸಿಗ್ನಲ್, ಟೆಲಿಗ್ರಾಂ ಕಡೆ ಓಡಿದರು. ಕಂಪನಿ ಗಡುವನ್ನು ಮೇ 15ಕ್ಕೆ ಮುಂದೂಡಿತು. ಈ ಕರಾರಿನ ವಿಷಯದಲ್ಲೇ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ 213 ಕೋಟಿ ರೂಪಾಯಿ ದಂಡ ಹಾಕಿತು. ಆದರೆ ಓಡಿದವರಲ್ಲಿ ಬಹಳಷ್ಟು ಮಂದಿ ವಾಟ್ಸಾಪನ್ನು ಕೈಬಿಟ್ಟಿರಲಿಲ್ಲ. ಹೊಸ ಮನೆಗೆ ಬೀಗ ಹಾಕಿ ಹಳೆಯ ಮನೆಯಲ್ಲೇ ಉಂಡು ಮಲಗಿದರು.

ಟ್ವಿಟರಿನದೂ ಇದೇ ಕತೆ. 2019ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಅದು ತಡೆಹಿಡಿದದ್ದನ್ನು ಪ್ರತಿಭಟಿಸಿ ಭಾರತದ ಅನೇಕರು ಮ್ಯಾಸ್ಟೊಡಾನ್ ಎಂಬಲ್ಲಿಗೆ ಹೊರಟರು. ಕೆಲವೇ ವಾರಗಳಲ್ಲಿ ಆ ಉತ್ಸಾಹ ಇಳಿಯಿತು. ಬೆಂಗಳೂರಿನಲ್ಲೇ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಕಣ್ಣುಬಿಟ್ಟ 'ಕೂ' ನಮ್ಮದೇ ಭಾಷೆಯ ಹಕ್ಕಿಯಾಗಿತ್ತು. 2021ರಲ್ಲಿ ಸರಕಾರಕ್ಕೂ ಟ್ವಿಟರಿಗೂ ಜಗಳವಾದಾಗ ಮಂತ್ರಿಗಳೂ ಅಲ್ಲಿಗೆ ಹೋದರು. 2024ರ ಜುಲೈಯಲ್ಲಿ ಅದು ಮುಚ್ಚಿತು. ಸಿಟ್ಟಿನಿಂದ ಹೊರಟವರು ಸಿಟ್ಟು ಇಳಿದ ಮೇಲೆ ಎಲ್ಲಿ ನಿಲ್ಲಬೇಕೆಂದು ಯೋಚಿಸಿರಲಿಲ್ಲ.

ಈ ಯೋಚನೆ ನಮ್ಮ ಹಿರಿಯರಿಗೆ ಹೊಸದಲ್ಲ. ನೂರು ವರ್ಷಕ್ಕೂ ಹಿಂದಕ್ಕೆ, 1920ಕ್ಕೆ ಹೋಗೋಣ. ನಾನು ಓದಿದ ಉರ್ದು ಶಾಲೆಯಲ್ಲಿ ಆ ಕಾಲದ ಎರಡು ಪದಗಳನ್ನು ಹೇಳಿಕೊಟ್ಟಿದ್ದರು. ಒಂದು 'ತರ್ಕೆ-ಮವಾಲಾತ್', ಅಂದರೆ ಸಂಬಂಧ ಬಿಡುವುದು, ಅಸಹಕಾರ. ಇನ್ನೊಂದು 'ಹಿಜರತ್', ಅಂದರೆ ನೆಲ ಬಿಟ್ಟು ಹೋಗುವುದು.

ಆ ವರ್ಷ ಖಿಲಾಫತ್ ಚಳವಳಿಯ ಬಿಸಿಯಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ ಇರಬಾರದೆಂದು ಸಿಂಧ್ ಮತ್ತು ವಾಯವ್ಯ ಗಡಿ ಪ್ರಾಂತ್ಯದ ಸಾವಿರಾರು ಮುಸ್ಲಿಮರು ಹೊಲಮನೆ ಮಾರಿ ಅಫಘಾನಿಸ್ತಾನಕ್ಕೆ ಹೊರಟರು. ಅವರ ಶ್ರದ್ಧೆ ದೊಡ್ಡದಿತ್ತು. ಆದರೆ ಅಷ್ಟು ಜನಕ್ಕೆ ಅಲ್ಲಿ ನೆಲೆಯಿರಲಿಲ್ಲ. ಆಗಸ್ಟಿನಲ್ಲಿ ಅಫಘಾನ್ ಸರಕಾರ ಬರುವವರನ್ನು ತಡೆಯಿತು. ಅನೇಕರು ದಾರಿಯಲ್ಲಿ ಸತ್ತರು. ಮರಳಿದವರಿಗೆ ತಮ್ಮ ಹೊಲ ಬೇರೆಯವರ ಹೆಸರಿನಲ್ಲಿರುವುದು ಕಂಡಿತು.

ಅದೇ ವರ್ಷದ ಆಗಸ್ಟ್ 1ರಂದು ಗಾಂಧೀಜಿ ಸರಕಾರ ಕೊಟ್ಟಿದ್ದ ಪದಕಗಳನ್ನು ಹಿಂತಿರುಗಿಸಿದರು. ಬಿರುದು ಬಿಡಿ, ಕೋರ್ಟು ಬಿಡಿ, ಸರಕಾರಿ ಶಾಲೆ ಬಿಡಿ ಎಂಬ ಕರೆ ಹರಡಿತು. ಅಲಿಗಢದ ಕಾಲೇಜಿನಿಂದ ಒಂದು ಗುಂಪು ಹೊರಬಂತು. ಹೊರಬಂದವರು ಮನೆಗೆ ಹೋಗಲಿಲ್ಲ. ಅಕ್ಟೋಬರ್ 29ರಂದು ಅಲ್ಲಿಯೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪಿಸಿದರು. 1925ರಲ್ಲಿ ಅದು ದೆಹಲಿಗೆ ಬಂತು. ಹಣವಿಲ್ಲದೆ ಮುಚ್ಚುವ ಹಂತಕ್ಕೂ ಹೋಗಿ ಉಳಿಯಿತು. ಹೊರಬಂದವರಲ್ಲಿ ಒಬ್ಬರಾದ ಜಾಕಿರ್ ಹುಸೇನ್ 1926ರಿಂದ 1948ರವರೆಗೆ ಅದನ್ನು ನಡೆಸಿದರು. 1967ರಲ್ಲಿ ದೇಶದ ರಾಷ್ಟ್ರಪತಿಯಾದರು.

ಒಂದೇ ವರ್ಷ, ಒಂದೇ ನೋವು, ಎರಡು ಬಗೆಯ ಬಿಡುವಿಕೆ. ಒಂದು ದಾರಿಯಲ್ಲೇ ನಾಶವಾಯಿತು, ಇನ್ನೊಂದು ವಿಶ್ವವಿದ್ಯಾಲಯವಾಯಿತು. ವ್ಯತ್ಯಾಸ ಶ್ರದ್ಧೆಯದಲ್ಲ. ಹೋಗುವ ಜಾಗ ಇದೆಯೇ, ಇಲ್ಲದಿದ್ದರೆ ಅದನ್ನು ಕಟ್ಟುವ ತಾಳ್ಮೆ ಇದೆಯೇ ಎಂಬುದು. ಹಿಜರಿ ಶಕೆ ಆರಂಭವಾಗುವುದೇ ಪ್ರವಾದಿಯವರು ಮಕ್ಕಾ ಬಿಟ್ಟ ವರ್ಷದಿಂದ. ಆದರೆ ಮದೀನಾದಲ್ಲಿ ಅವರಿಗಾಗಿ ಬಾಗಿಲು ತೆರೆದು ಕಾದವರಿದ್ದರು ಎಂಬುದನ್ನು ನಾವು ನೆನೆಯುವುದು ಕಡಿಮೆ. ಬಾಬಾಯ್ ಬೀಜ, ಎತ್ತು, ಬೀಗರ ಲೆಕ್ಕ ಹೇಳಿದ್ದೂ ಇದನ್ನೇ.

ಇಷ್ಟೆಲ್ಲ ತಿಳಿದೂ 2021ರ ಆ ಕರಾರಿನ ನೆಪ ಸಿಕ್ಕಾಗ ನಾನು ಬಿಟ್ಟೆ. ಫೇಸ್‌ಬುಕ್ ಅಳಿಸಿದೆ, ವಾಟ್ಸಾಪ್ ತೆಗೆದೆ. ಮೊದಲ ತಿಂಗಳು ಹಗುರವಾಗಿತ್ತು. ಬೆಳಗಿನ ನಮಾಜಿನ ನಂತರ ಫೋನು ನೋಡುವ ಬದಲು ಕಾಲುವೆಯ ದಂಡೆಯ ಮೇಲೆ ನಡೆಯುತ್ತಿದ್ದೆ. ಎರಡು ಕತೆ ಬರೆದೆ. ಸಿಗ್ನಲ್ಲಿಗೆ ಏಳು ಜನ ಸಂಬಂಧಿಕರನ್ನು ಕರೆದೆ. ಏಳೂ ಜನ ಬಂದರು, ಸಲಾಂ ಹೇಳಿದರು, ಮತ್ತೆ ಮಾತಾಡಲಿಲ್ಲ.

2022ರ ಮಳೆಗಾಲದಲ್ಲಿ ತಾಯಿಗೆ ಹುಷಾರಿಲ್ಲವೆಂದು ಎರಡು ವಾರ ಹೊರಗಿದ್ದೆ. ಮರಳಿದ ದಿನ ಬಾಬಾಯ್ ಮನೆಯ ಮುಂದೆ ಶಾಮಿಯಾನಾ ಇತ್ತು. ಮದುವೆ ಇರಬೇಕೆಂದುಕೊಂಡೆ. ಅದು ಅವರ ಹನ್ನೊಂದನೆಯ ದಿನದ ಊಟ. ಅವರ ಮಗ ನನ್ನನ್ನು ನೋಡಿ, "ಗುಂಪಿನಾಗ ಹಾಕಿದ್ವಿ ಮಾಸ್ತರ್. ನೀವು ನೋಡಿ ಬರಲಿಲ್ಲ ಅಂತ ತಿಳಕೊಂಡ್ವಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು. 2020ರ ಆ ಸಂದೇಶದ ನಂತರ ಮಾಸ್ತರು ನಮ್ಮಿಂದ ದೂರವಾದರು ಎಂದು ಆ ಮನೆಯವರು ಭಾವಿಸಿದ್ದರು. ಸಂದೇಶ ಕಳಿಸಿದವರಿಂದ ದೂರ ಹೋಗಲು ಹೊರಟವನು ಏನೂ ಕಳಿಸದವರಿಂದಲೂ ದೂರ ಹೋಗಿದ್ದೆ.

ಒಬ್ಬ ಲೇಖಕ ದೊಡ್ಡ ಊರಿನಲ್ಲಿದ್ದು ಜಾಲತಾಣ ಬಿಟ್ಟರೆ ಅದೊಂದು ಹೇಳಿಕೆಯಾಗುತ್ತದೆ. ಶಾಲೆಯ ನೋಟೀಸು, ಕಾಲುವೆಗೆ ನೀರು ಬಿಡುವ ದಿನ, ಭತ್ತದ ಧಾರಣೆ, ಸಾವು, ನಿಕಾಹ್ ಎಲ್ಲವೂ ಒಂದೇ ಕಿಂಡಿಯಿಂದ ಬರುವ ಕಡೆ ಅದನ್ನು ಬಿಡುವುದು ಬಾವಿ ಬಿಟ್ಟಂತೆ. ನೀರು ಕೆಟ್ಟಿದೆ ಎಂಬುದು ನಿಜ. ಆದರೆ ಊರಿಗೆ ಇರುವುದು ಅದೊಂದೇ.

ನೀರು ಎಷ್ಟು ಕೆಡಬಹುದು ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2012ರ ಆಗಸ್ಟಿನಲ್ಲಿ, ವಾಟ್ಸಾಪ್ ಇನ್ನೂ ಹಬ್ಬದಿದ್ದಾಗ, ಕೇವಲ ಎಸ್‌ಎಂಎಸ್ ಮತ್ತು ಬಾಯಿಮಾತಿನ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಅಸ್ಸಾಮಿನ ಕೊಕ್ರಝಾರ್ ಗಲಭೆಗೆ ಪ್ರತಿಯಾಗಿ ಮುಸ್ಲಿಮರು ಹಲ್ಲೆ ಮಾಡುತ್ತಾರೆ ಎಂಬುದು ವದಂತಿ. ಹೋಗಬೇಡಿ ಎಂದು ಮುಸ್ಲಿಂ ಮುಖಂಡರೂ ಬೇಡಿಕೊಂಡರು. ಕೇಂದ್ರ ಸರಕಾರ ಹದಿನೈದು ದಿನ ಸಗಟು ಎಸ್‌ಎಂಎಸ್ ನಿಷೇಧಿಸಿ, ಒಮ್ಮೆಗೆ ಐದೇ ಎಂಬ ಮಿತಿ ಹಾಕಿತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ ಮಕ್ಕಳ ಕಳ್ಳನೆಂಬ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರನೊಬ್ಬ ಗುಂಪಿನ ಕೈಯಲ್ಲಿ ಸತ್ತ. ಅವನ ಜತೆಗಿದ್ದವರು ಮಾಡಿದ್ದು ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು. ವಾಟ್ಸಾಪಿನಲ್ಲಿ ಹರಿದ ವಿಡಿಯೋ ಅವರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತ್ತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆ ಒಮ್ಮೆಗೆ ಸಾಗಹಾಕದಂತೆ ಮಿತಿ ತಂದಿತು. ಬೇರೆಯವರಿಂದ ಬಂದು ಮುಂದೆ ಸಾಗಿದ್ದೆಂಬ ಗುರುತನ್ನೂ ಹಚ್ಚತೊಡಗಿತು.

ಆ ಗುರುತು ನೋಡಿದಾಗ ನನಗೆ ನಗು ಬಂತು. ಸಾಗಿಬಂದಿದೆ ಎಂದು ಹೇಳುತ್ತದೆಯೇ ಹೊರತು ಯಾರಿಂದ ಎಂದು ಹೇಳುವುದಿಲ್ಲ. ಹದೀಸ್ ವಿದ್ವಾಂಸರು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಕೇಳಿದ ಪ್ರಶ್ನೆ ಇದು. ಪ್ರವಾದಿಯವರು ಹೀಗೆಂದರು ಎಂದು ಯಾರಾದರೂ ಹೇಳಿದರೆ, ನಿನಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂದು ಕೊನೆಯವರೆಗೆ ಕೇಳುತ್ತಿದ್ದರು. ಈ ಸರಪಳಿಗೆ 'ಇಸ್ನಾದ್' ಎಂದು ಹೆಸರು. ಒಂದು ಕೊಂಡಿ ಸಡಿಲವಿದ್ದರೆ ಮಾತು ಎಷ್ಟೇ ಚೆಂದವಿರಲಿ, ದುರ್ಬಲ ಎಂದು ಬದಿಗಿಡುತ್ತಿದ್ದರು. ಕ್ರಿ.ಶ. 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿ ಇಂಥ ಸರಪಳಿಗಳನ್ನು ಪರೀಕ್ಷಿಸುತ್ತಲೇ ಆಯುಷ್ಯ ಸವೆಸಿದವರು. ಸುದ್ದಿ ತಂದವನು ನಂಬಲರ್ಹನಲ್ಲದಿದ್ದರೆ ಮೊದಲು ವಿಚಾರಿಸಿ ಎಂಬ ಎಚ್ಚರಿಕೆ ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲಿದೆ. ಇಂಥ ಪರಂಪರೆಯ ನಮ್ಮ ಮನೆಗಳ ಗುಂಪುಗಳಲ್ಲೂ ದಿನಬೆಳಗಾದರೆ ತಲೆಬುಡವಿಲ್ಲದ ಸಂದೇಶಗಳು ಓಡಾಡುತ್ತವೆ. ಬೇರೆಯವರನ್ನಷ್ಟೇ ಬೈದು ಪ್ರಯೋಜನವಿಲ್ಲ.

ಕೊನೆಗೆ ನಾನು ಅರ್ಧ ಬಿಟ್ಟು ಅರ್ಧ ಉಳಿದೆ. ಫೇಸ್‌ಬುಕ್ಕಿಗೆ ಹೋಗಿಲ್ಲ, ಹೋಗುವುದಿಲ್ಲ. ಅಲ್ಲಿ ನನ್ನ ಸಾವಿನ ಮನೆ, ಮದುವೆ ಮನೆ ಇರಲಿಲ್ಲ. ಕ್ಯಾಂಪಿನ ಗುಂಪಿಗೆ ಮರಳಿದೆ. ಬಾಬಾಯ್ ಮಗನೇ ಸೇರಿಸಿದ. ನನಗೆ ನಾನೇ ಒಂದು ಕರಾರು ಹಾಕಿಕೊಂಡೆ. ಏನನ್ನೂ ಸಾಗಹಾಕುವುದಿಲ್ಲ. ಅನುಮಾನದ ಮಾತು ಬಂದರೆ ಜಗಳವಾಡದೆ ಒಂದೇ ಪ್ರಶ್ನೆ ಕೇಳುತ್ತೇನೆ: ಯಾರು ಹೇಳಿದ್ದು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ ಹತ್ತೊಂಬತ್ತನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಗುಂಪಿನಲ್ಲಿ ಸಂದೇಶಗಳ ಪ್ರವಾಹ. ಡ್ಯಾಮು ಒಡೆದಿದೆ, ಊರು ಬಿಡಿ ಎಂದು ಒಬ್ಬರು. ಮಕ್ಕಳನ್ನು ಎಬ್ಬಿಸಿ ಎಂದು ಇನ್ನೊಬ್ಬರು. ನಾನು ಕೇಳಿದೆ: ಯಾರು ಹೇಳಿದ್ದು? ಅರ್ಧ ಗಂಟೆ ಯಾರೂ ಉತ್ತರಿಸಲಿಲ್ಲ. ಆಮೇಲೆ ಒಬ್ಬರು ಬರೆದರು: ಮುನಿರಾಬಾದಿನ ನಮ್ಮ ಅಳಿಯನಿಗೆ ಫೋನ್ ಮಾಡಿದ್ದೆ, ಹೋದದ್ದು ಒಂದು ಗೇಟು, ಅಣೆಕಟ್ಟು ನಿಂತಿದೆ. ಬರೆದವರು 2020ರಲ್ಲಿ ಆ ಸಂದೇಶ ಕಳಿಸಿದ್ದವರು.

ಅಂದಿನ ಮಾತನ್ನು ಅವರು ಎತ್ತಿಲ್ಲ, ನಾನೂ ಎತ್ತಿಲ್ಲ. ನನ್ನ ಮನಸ್ಸಿನಿಂದ ಅದು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಒಂದು ವಾರದೊಳಗೆ ಎಂಜಿನಿಯರುಗಳು ಆ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ ಕೂರಿಸಿ ನೀರು ನಿಲ್ಲಿಸಿದರು. ಮೂವತ್ಮೂರು ಗೇಟುಗಳಲ್ಲಿ ಒಂದು ಹೋದರೆ ಅಣೆಕಟ್ಟನ್ನೇ ಬಿಟ್ಟು ಹೋಗಲಾಗುವುದಿಲ್ಲ. ಹಾಗೆಂದು ಹರಿದುಹೋದ ನೀರು ಮರಳಿ ಬರುವುದೂ ಇಲ್ಲ.